ಏರ್ ರೈಫಲ್ ಗುರಿ ತಪ್ಪುತ್ತಿದೆಯೇ? ಮೊಲದ ಶಿಕಾರಿಗೆ ಹೋಗುವ ಮುಂಚೆ ದೋಷ ಹುಡುಕುವ ಬಗೆ

ಹೋದ ವಾರ ಚೆನ್ನಾಗಿ ಹೊಡೆಯುತ್ತಿದ್ದ ರೈಫಲ್ ಈ ವಾರ ಎರಡು ಇಂಚು ಎಡಕ್ಕೆ ಹೊಡೆಯುತ್ತಿದೆ. ಸ್ಕೋಪ್ (ಗುರಿ ನೋಡಲು ರೈಫಲ್ ಮೇಲೆ ಕೂರಿಸುವ ದುರ್ಬೀನು) ತಿರುಗಿಸಿ ಸರಿ ಮಾಡಿದರೆ ನಾಲ್ಕು ಈಡು ಸರಿ ಬೀಳುತ್ತವೆ, ಐದನೆಯದು ಎಲ್ಲೋ ಹೋಗುತ್ತದೆ. ಇಂಗ್ಲೆಂಡಿನಲ್ಲಿ ರೈತರ ಹೊಲದಲ್ಲಿ ಮೊಲ ಹೊಡೆಯಲು ಅನುಮತಿ ಪಡೆದ ಕನ್ನಡದ ಗೆಳೆಯರಿಂದ ನಾನು ಜಾಸ್ತಿ ಕೇಳುವ ದೂರು ಇದೇ. ಅದರ ಬೆನ್ನಿಗೇ ಬರುವ ಪ್ರಶ್ನೆ: "ಬೇರೆ ರೈಫಲ್ ತಗೊಳ್ಳಲಾ?" ಬಹಳ ಸಲ ಅದರ ಅಗತ್ಯ ಇರುವುದಿಲ್ಲ. ಎಲ್ಲೋ ಒಂದು ಸ್ಕ್ರೂ ಸಡಿಲವಾಗಿರುತ್ತದೆ. ಇಲ್ಲವೇ ಆ ನಳಿಗೆಗೆ ಒಗ್ಗದ ಪೆಲೆಟ್ (ಇದರಲ್ಲಿ ಹಾಕುವ ಸಣ್ಣ ಸೀಸದ ಗುಂಡು) ಹಾಕಿರುತ್ತೇವೆ. ಇಲ್ಲವೇ ಏರ್ ರೈಫಲ್‌ಗೆ ಮಾಡಿದ್ದಲ್ಲದ ಸ್ಕೋಪ್ ಕೂರಿಸಿರುತ್ತೇವೆ.

ಮೊದಲೇ ಒಂದು ಮಾತು. ಈ ಹುಡುಕಾಟ ಪೂರ್ತಿ ನಡೆಯಬೇಕಾದ್ದು ಕಾಗದದ ಮೇಲೆ. "ಮೊಲಕ್ಕೆ ಹೊಡೆದು ನೋಡೋಣ, ಗೊತ್ತಾಗುತ್ತೆ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಏರ್ ರೈಫಲ್‌ನ ಶಕ್ತಿ ಕಡಿಮೆ. ಪೆಲೆಟ್ ಒಂದು ಇಂಚು ಆಚೆ ಬಿದ್ದರೆ ಮೊಲ ಸಾಯುವುದಿಲ್ಲ. ದವಡೆ ಮುರಿದುಕೊಂಡೋ ಹೊಟ್ಟೆಗೆ ಗಾಯ ಮಾಡಿಕೊಂಡೋ ಬಿಲದೊಳಗೆ ನುಗ್ಗುತ್ತದೆ. ಅಲ್ಲಿಂದ ಅದನ್ನು ಹೊರಗೆ ತೆಗೆಯಲು ಆಗುವುದಿಲ್ಲ.

ಕಾನೂನನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಶಕ್ತಿ ಅಳೆಯುವಾಗ ಅದು ಬೇಕಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್‌ನ ಶಕ್ತಿ 12 ಅಡಿ-ಪೌಂಡ್ ಮೀರುವಂತಿಲ್ಲ. ಅಂದರೆ ಸುಮಾರು 16 ಜೌಲ್. ಅದಕ್ಕಿಂತ ಒಂದಿಷ್ಟು ಜಾಸ್ತಿಯಾದರೂ ಅದು ಸರ್ಟಿಫಿಕೇಟ್ ಬೇಕಾದ ಬಂದೂಕು. ಸ್ಕಾಟ್ಲೆಂಡಿನಲ್ಲಿ 2016ರ ಡಿಸೆಂಬರ್ 31ರಿಂದ ಈ ಕಡಿಮೆ ಶಕ್ತಿಯ ರೈಫಲ್‌ಗೂ ಸರ್ಟಿಫಿಕೇಟ್ ಬೇಕು. ಉತ್ತರ ಐರ್ಲೆಂಡಿನಲ್ಲಿ ನಿಯಮ ಇನ್ನೂ ಬಿಗಿ. ಮೊಲ ಇಲ್ಲಿ ಬೆಳೆ ತಿನ್ನುವ ಪೀಡೆ. 1954ರ ಕಾಯ್ದೆಯ ಪ್ರಕಾರ ಅದನ್ನು ಹತೋಟಿಯಲ್ಲಿಡುವ ಹೊಣೆ ಜಮೀನು ನೋಡಿಕೊಳ್ಳುವವರದ್ದೇ. ಹಾಗಾಗಿ ರೈತ ಅನುಮತಿ ಕೊಡುತ್ತಾನೆ. ಆ ಅನುಮತಿಯನ್ನು ಬರವಣಿಗೆಯಲ್ಲಿ ಪಡೆದು ಜೇಬಿನಲ್ಲಿಟ್ಟುಕೊಳ್ಳಿ.

ಕರ್ನಾಟಕದಲ್ಲಿ ಇದನ್ನು ಓದುತ್ತಿರುವವರಿಗೆ: ನಮ್ಮ ಕಾಡುಮೊಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಅದನ್ನು ಹೊಡೆಯುವುದು ಅಪರಾಧ. ನಿಮ್ಮ ಏರ್‌ಗನ್ ಸರಿಪಡಿಸಲು ಮುಂದಿನದೆಲ್ಲ ಉಪಯೋಗಕ್ಕೆ ಬರುತ್ತದೆ. ಆದರೆ ಗುರಿ ಕಾಗದವಾಗಿಯೇ ಇರಲಿ.

ಸರಿ ಅಂದರೆ ಎಷ್ಟು ಸರಿ?

ದೋಷ ಇದೆಯೋ ಇಲ್ಲವೋ ಹೇಳಲು ಒಂದು ಅಳತೆ ಬೇಕಲ್ವಾ? ಬ್ರಿಟನ್ನಿನ ಎರಡು ಪೆನ್ಸ್ ನಾಣ್ಯ ತಗೊಳ್ಳಿ. ಅದರ ಅಗಲ 25.9 ಮಿಲಿಮೀಟರ್, ಒಂದು ಇಂಚಿಗೆ ಕೂದಲೆಳೆಯಷ್ಟು ಜಾಸ್ತಿ. ಮೊಲದ ಕಣ್ಣು ಮತ್ತು ಕಿವಿಯ ಬುಡದ ನಡುವೆ, ಪೆಲೆಟ್ ಬಿದ್ದರೆ ತಕ್ಷಣ ಸಾಯುವ ಜಾಗವೂ ಹೆಚ್ಚು ಕಡಿಮೆ ಅಷ್ಟೇ. ನಾಣ್ಯವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಐದು ಈಡು ಹೊಡೆದರೆ ಐದೂ ಆ ವೃತ್ತದೊಳಗೆ ಬೀಳಬೇಕು. ನಾಲ್ಕು ಬಿದ್ದರೆ ಸಾಲದು. ಯಾವ ದೂರದವರೆಗೆ ಐದಕ್ಕೆ ಐದು ಬೀಳುತ್ತವೋ ಅದೇ ನಿಮ್ಮ ಶಿಕಾರಿಯ ದೂರ. ಅದು 20 ಗಜ ಇದ್ದರೆ 20 ಗಜ. ಯಾರು ಏನೇ ಹೇಳಲಿ.

ಪರೀಕ್ಷೆಗೆ ಗಾಳಿ ಇಲ್ಲದ ಬೆಳಗ್ಗೆ ಒಳ್ಳೆಯದು. 25 ಗಜದಲ್ಲಿ ಕಾಗದ ಕಟ್ಟಿ. ಅದರ ಹಿಂದೆ ಪೆಲೆಟ್ ತಡೆಯುವ ಗಟ್ಟಿ ಮಣ್ಣಿನ ದಿಬ್ಬ ಇರಲಿ. ಕಲ್ಲು ಅಥವಾ ಒಣ ಮರ ಬೇಡ, ಪೆಲೆಟ್ ಚಿಮ್ಮಿ ವಾಪಸ್ ಬರುತ್ತದೆ. ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಕೂತು ಹೊಡೆಯಿರಿ. ಐದು ಈಡಿನ ಪ್ರತಿ ಗುಂಪಿಗೂ ಬೇರೆ ಕಾಗದ. ಅದರ ಮೇಲೆ ಪೆಲೆಟ್ ಹೆಸರು, ದೂರ, ಏನು ಬದಲಾಯಿಸಿದಿರಿ ಅನ್ನುವುದನ್ನು ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಈ ಶಿಸ್ತು ಇಲ್ಲದಿದ್ದರೆ ಸಂಜೆಯವರೆಗೆ ಹೊಡೆದರೂ ಕಾರಣ ಸಿಗುವುದಿಲ್ಲ.

ತೂತುಗಳ ಗುಂಪು ಏನು ಹೇಳುತ್ತದೆ

ಕಾಗದ ಬಿಚ್ಚಿಕೊಂಡು ಬಂದು ಸುಮ್ನೆ "ಚೆನ್ನಾಗಿಲ್ಲ" ಅನ್ನಬೇಡಿ. ಹೇಗೆ ಚೆನ್ನಾಗಿಲ್ಲ ಅಂತ ನೋಡಿ. ಗುಂಪಿನ ಆಕಾರದಲ್ಲೇ ಅರ್ಧ ಉತ್ತರ ಇರುತ್ತದೆ.

ಐದೂ ಒತ್ತೊತ್ತಾಗಿ ಬಿದ್ದಿವೆ, ಆದರೆ ಜಾಗ ಬೇರೆ. ಇದು ರೈಫಲ್ ದೋಷವಲ್ಲ. ಝೀರೋ, ಅಂದರೆ ಸ್ಕೋಪಿನಲ್ಲಿ ಗುರಿಯಿಟ್ಟ ಜಾಗಕ್ಕೂ ಪೆಲೆಟ್ ಬೀಳುವ ಜಾಗಕ್ಕೂ ಇರುವ ಹೊಂದಾಣಿಕೆ, ಜರುಗಿದೆ ಅಷ್ಟೆ. ಯಾಕೆ ಜರುಗಿತು ಅಂತ ಮಾತ್ರ ನೋಡಬೇಕು. ಸ್ಕೋಪ್ ಹಿಡಿದ ಮೌಂಟ್ ಜಾರಿರಬಹುದು, ಪೆಲೆಟ್ ಡಬ್ಬಿ ಬದಲಾಗಿರಬಹುದು.

ಮೇಲಿಂದ ಕೆಳಕ್ಕೆ ಗೆರೆ ಎಳೆದ ಹಾಗೆ ಬಿದ್ದಿದ್ದರೆ ವೇಗದಲ್ಲಿ ಏರುಪೇರಿದೆ ಅಥವಾ ನೀವು ರೈಫಲ್ ಹಿಡಿಯುವುದು ಒಂದೊಂದು ಸಲ ಒಂದೊಂದು ತರ ಇದೆ. ಅಡ್ಡಡ್ಡ ಹರಡಿದ್ದರೆ ಗಾಳಿ, ಟ್ರಿಗರ್ ಎಳೆಯುವ ಬೆರಳು, ಅಥವಾ ನಳಿಗೆಯ ಕೀಲು ಸಡಿಲ. ನಾಲ್ಕು ಒಟ್ಟಿಗೆ, ಒಂದು ದೂರ ಇದ್ದರೆ ಮೊದಲು ಪೆಲೆಟ್ ಮೇಲೆ ಅನುಮಾನ ಪಡಿ. ಎರಡು ಬೇರೆ ಬೇರೆ ಗುಂಪು ಕಂಡರೆ ಸ್ಕೋಪಿನೊಳಗೆ ಏನೋ ಅಲುಗುತ್ತಿದೆ. ಎಲ್ಲ ಕಡೆ ಚೆಲ್ಲಾಪಿಲ್ಲಿಯಾಗಿದ್ದರೆ ಸ್ಕ್ರೂ ಅಥವಾ ನಳಿಗೆಯ ಬಾಯಿ ನೋಡಿ.

ಇವು ಖಚಿತ ತೀರ್ಪಲ್ಲ, ಎಲ್ಲಿಂದ ಶುರು ಮಾಡಬೇಕು ಅನ್ನುವ ಸುಳಿವು.

ಮೊದಲು ಸ್ಕ್ರೂ

ಸ್ಪ್ರಿಂಗ್ ರೈಫಲ್ ಇದ್ದವರು ಇಲ್ಲಿಂದಲೇ ಶುರು ಮಾಡಿ. ಟ್ರಿಗರ್ ಎಳೆದಾಗ ಒಳಗೆ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ. ರೈಫಲ್ ಹಿಂದಕ್ಕೆ ಒದೆಯುತ್ತದೆ. ಕೊನೆಯಲ್ಲಿ ಪಿಸ್ಟನ್ ಗಾಳಿಯ ಒತ್ತಡಕ್ಕೆ ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಎರಡೂ ಕಡೆ ಈ ಅಲುಗಾಟ ಪ್ರತಿ ಈಡಿಗೂ ನಡೆಯುತ್ತದೆ. ಸ್ಕ್ರೂ ಸಡಿಲವಾಗದೆ ಇನ್ನೇನಾಗುತ್ತದೆ?

ಸ್ಟಾಕಿನ (ರೈಫಲ್ ಕೂತಿರುವ ಮರದ ಹಿಡಿಯ) ಮುಂಭಾಗದಲ್ಲಿ ಎರಡೂ ಬದಿಗೆ ಒಂದೊಂದು ಸ್ಕ್ರೂ ಇರುತ್ತದೆ. ಟ್ರಿಗರ್ ಗಾರ್ಡಿನಲ್ಲಿ ಒಂದೋ ಎರಡೋ ಇರುತ್ತವೆ. ರೈಫಲ್‌ನಲ್ಲಿ ಪೆಲೆಟ್ ಇಲ್ಲ, ಸ್ಪ್ರಿಂಗ್ ಎಳೆದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ನಂತರ ಸರಿಯಾದ ಅಳತೆಯ ಕೀಲಿಯಿಂದ ಬಿಗಿ ಮಾಡಿ. ಗಟ್ಟಿಯಾಗಿ ಕೂತರೆ ಸಾಕು. ಮರ ಬಿರುಕು ಬಿಡುವಷ್ಟು ತಿರುಗಿಸಬೇಡಿ. ಪದೇ ಪದೇ ಸಡಿಲವಾದರೆ, ಮತ್ತೆ ಬಿಚ್ಚಲು ಬರುವಂಥ ಮಧ್ಯಮ ಬಲದ ತ್ರೆಡ್ ಅಂಟು ಒಂದು ಹನಿ ಹಾಕಿ.

ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ರೈಫಲ್ ಆದರೆ ಆ ಕೀಲನ್ನೂ ನೋಡಿ. ನಳಿಗೆ ಮುಚ್ಚಿದ ಸ್ಥಿತಿಯಲ್ಲಿ ಅದರ ತುದಿ ಹಿಡಿದು ಎಡ-ಬಲಕ್ಕೆ ಮೆಲ್ಲಗೆ ತಳ್ಳಿ. ಸ್ವಲ್ಪ ಅಲುಗಿದರೂ ಕೀಲಿನ ಬೋಲ್ಟ್ ಬಿಗಿ ಮಾಡಬೇಕು. ವೈರೌಖ್ ಎಚ್‌ಡಬ್ಲ್ಯು97, ಏರ್ ಆರ್ಮ್ಸ್ ಟಿಎಕ್ಸ್200 ತರದ ರೈಫಲ್‌ಗಳಲ್ಲಿ ನಳಿಗೆ ಮಡಚುವುದಿಲ್ಲ, ಕೆಳಗಿನ ಲಿವರ್‌ನಿಂದ ಸ್ಪ್ರಿಂಗ್ ಎಳೆಯುತ್ತಾರೆ. ಅವುಗಳಲ್ಲಿ ಈ ತೊಂದರೆ ಇಲ್ಲ. ಆದರೆ ಅವು ಭಾರ. ಸ್ಕೋಪ್ ಕೂರಿಸಿದರೆ 4 ಕೆ.ಜಿ. ದಾಟುತ್ತವೆ. ಬೇಲಿ ಬೇಲಿ ಸುತ್ತಿ ಶಿಕಾರಿ ಮಾಡುವವರು ಕೊಳ್ಳುವ ಮುಂಚೆ ಇದನ್ನು ಯೋಚಿಸಬೇಕು.

ಹಿಡಿಯುವ ಕೈ

ಸ್ಪ್ರಿಂಗ್ ರೈಫಲ್ ಅನ್ನು ಬಿಗಿಯಾಗಿ ಹಿಡಿದರೆ ಗುರಿ ಚೆನ್ನಾಗಿರುತ್ತದೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ನಡೆಯುವುದು ಉಲ್ಟಾ. ಪೆಲೆಟ್ ನಳಿಗೆ ಬಿಡುವ ಮುಂಚೆಯೇ ರೈಫಲ್ ಅಲುಗಲು ಶುರುವಾಗಿರುತ್ತದೆ. ಆ ಅಲುಗಾಟ ಪ್ರತಿ ಸಲ ಒಂದೇ ತರ ಇದ್ದರೆ ಪೆಲೆಟ್ ಒಂದೇ ಕಡೆ ಬೀಳುತ್ತದೆ. ಬಿಗಿ ಹಿಡಿತವನ್ನು ಪ್ರತಿ ಸಲ ಒಂದೇ ತರ ಇಡುವುದು ಮನುಷ್ಯರಿಂದ ಆಗದ ಕೆಲಸ. ಹಾಗಾಗಿ ಮುಂದಿನ ಅಂಗೈಯನ್ನು ಬಿಡಿಸಿ, ಅದರ ಮೇಲೆ ರೈಫಲ್ ಸುಮ್ನೆ ಕೂರುವಂತೆ ಬಿಡಿ. ಭುಜಕ್ಕೆ ಮೆಲ್ಲಗೆ ತಾಗಿದ್ದರೆ ಸಾಕು. ಅಂಗೈ ಸ್ಟಾಕಿನ ಯಾವ ಜಾಗದಲ್ಲಿದೆ ಅನ್ನುವುದೂ ಮುಖ್ಯ. ಎರಡು ಇಂಚು ಹಿಂದೆ ಮುಂದೆ ಮಾಡಿ ನೋಡಿ, ಗುಂಪು ಕಿರಿದಾಗುವ ಜಾಗ ಸಿಗುತ್ತದೆ. ಅಲ್ಲಿ ಒಂದು ಗುರುತು ಹಾಕಿಕೊಳ್ಳಿ.

ಸ್ಪ್ರಿಂಗ್ ರೈಫಲ್‌ನ ಸ್ಟಾಕನ್ನು ಮರಳಿನ ಚೀಲದ ಮೇಲೆ ನೇರವಾಗಿ ಇಡಬೇಡಿ. ಚೀಲದ ಮೇಲೆ ನಿಮ್ಮ ಕೈ, ಕೈ ಮೇಲೆ ರೈಫಲ್. ಹೊಲದಲ್ಲಿ ಬೇಲಿ ಕಂಬಕ್ಕೆ ರೈಫಲ್ ಒತ್ತಿ ಹೊಡೆಯುವುದೂ ಇದೇ ಕಾರಣಕ್ಕೆ ಗುರಿ ಕೆಡಿಸುತ್ತದೆ.

ಗಾಳಿ ತುಂಬಿಸಿಟ್ಟ ಪಿಸಿಪಿ ರೈಫಲ್‌ನಲ್ಲಿ ಒದೆತ ಇಲ್ಲವೇ ಇಲ್ಲ ಅನ್ನಬಹುದು. ಚೀಲದ ಮೇಲೆ ಇಟ್ಟು ಹೊಡೆದರೂ ಸರಿ. ಹೊಸಬರಿಗೆ ಶಿಕಾರಿಗಾಗಿ ರೈಫಲ್ ಆರಿಸಲು ಹೇಳಿದರೆ ನಾನು ಪಿಸಿಪಿಯನ್ನೇ ಹೇಳುವುದು ಈ ಒಂದು ಕಾರಣಕ್ಕೆ. ಹಣ ಜಾಸ್ತಿ, ಗಾಳಿ ತುಂಬಲು ಸಿಲಿಂಡರ್ ಅಥವಾ ಪಂಪ್ ಬೇಕು, ಒಪ್ಪುತ್ತೇನೆ. ಆದರೆ ಹೊಸಬರ ಕೈಯಲ್ಲಿ ಮೊಲ ಗಾಯವಾಗಿ ಓಡುವ ಸಾಧ್ಯತೆ ಅದರಲ್ಲಿ ಕಡಿಮೆ.

ಸ್ಕೋಪ್: ಜಾಸ್ತಿ ಗೊಂದಲ ಇರುವ ಜಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ರೈಫಲ್ ಕೆಟ್ಟಿದೆ ಅಂತ ಅಂಗಡಿಗೆ ಹೊತ್ತುಕೊಂಡು ಹೋದ ಎಷ್ಟೋ ಜನರ ತೊಂದರೆ ಇರುವುದು ಸ್ಕೋಪಿನಲ್ಲಿ.

ಮೊದಲು ಮೌಂಟ್. ಹೆಚ್ಚಿನ ಏರ್ ರೈಫಲ್‌ಗಳ ಮೇಲೆ ಕೊರೆದಿರುವ ಹಳಿಯ ಅಗಲ 11 ಮಿಲಿಮೀಟರ್ ಸುತ್ತಮುತ್ತ. ದೊಡ್ಡ ಬಂದೂಕಿನ ಅಗಲ ಹಳಿಗೆ ಮಾಡಿದ ಮೌಂಟ್ ತಂದು ಅದರ ಮೇಲೆ ಬಲವಂತವಾಗಿ ಕೂರಿಸಿದರೆ ನಿಲ್ಲುವುದಿಲ್ಲ. ಸರಿಯಾದ ಮೌಂಟ್ ಕೂಡ ಸ್ಪ್ರಿಂಗ್ ರೈಫಲ್ ಮೇಲೆ ಮೆಲ್ಲಮೆಲ್ಲಗೆ ಹಿಂದಕ್ಕೆ ಜಾರುತ್ತದೆ. ಮೌಂಟ್ ಮತ್ತು ಹಳಿ ಸೇರುವ ಕಡೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ. ಇಪ್ಪತ್ತು ಮೂವತ್ತು ಈಡಿನ ಬಳಿಕ ಗೆರೆ ಒಡೆದಿದ್ದರೆ ಜಾರುತ್ತಿದೆ ಅಂತಲೇ ಅರ್ಥ. ಹಳಿಯ ಮೇಲಿನ ಎಣ್ಣೆ ಒರೆಸಿ, ತಡೆ ಪಿನ್ ಇರುವ ಮೌಂಟ್ ಹಾಕಿ. ಹಳಿಯ ಮೇಲೆ ಆ ಪಿನ್‌ಗೆಂದೇ ತೂತು ಇದ್ದರೆ ಅದರಲ್ಲಿ ಕೂರಿಸಿ.

ಎರಡನೆಯದು ಕ್ಲಿಕ್ ಲೆಕ್ಕ. ಸ್ಕೋಪ್ ಮೇಲೆ "ಒಂದು ಕ್ಲಿಕ್‌ಗೆ ಕಾಲು ಇಂಚು" ಅಂತ ಬರೆದಿರುತ್ತದೆ. ಅದು 100 ಗಜದ ಲೆಕ್ಕ. 25 ಗಜದಲ್ಲಿ ಒಂದು ಕ್ಲಿಕ್ ಪೆಲೆಟ್ಟನ್ನು ಒಂದು ಇಂಚಿನ ಹದಿನಾರನೇ ಒಂದು ಭಾಗ ಮಾತ್ರ ಸರಿಸುತ್ತದೆ. ಒಂದು ಇಂಚು ಸರಿಸಲು 16 ಕ್ಲಿಕ್ ಬೇಕು. ನಾಲ್ಕು ಕ್ಲಿಕ್ ತಿರುಗಿಸಿ "ಸ್ಕೋಪ್ ಕೆಲಸ ಮಾಡ್ತಿಲ್ಲ" ಅನ್ನುವವರು ತುಂಬ ಜನ.

ನಿಜವಾಗಿಯೂ ಕೆಲಸ ಮಾಡುತ್ತಿಲ್ಲವೇ ಅಂತ ತಿಳಿಯಲು ಒಂದು ಚೌಕದ ಪರೀಕ್ಷೆ ಇದೆ. ಒಂದೇ ಬಿಂದುವಿಗೆ ಗುರಿಯಿಟ್ಟು ಮೂರು ಈಡು ಹೊಡೆಯಿರಿ. 20 ಕ್ಲಿಕ್ ಬಲಕ್ಕೆ ತಿರುಗಿಸಿ, ಅದೇ ಬಿಂದುವಿಗೆ ಗುರಿಯಿಟ್ಟು ಮೂರು. 20 ಮೇಲಕ್ಕೆ, ಮೂರು. 20 ಎಡಕ್ಕೆ, ಮೂರು. 20 ಕೆಳಕ್ಕೆ, ಮೂರು. ಕೊನೆಯ ಮೂರು ಮೊದಲಿನ ಜಾಗಕ್ಕೇ ಬಂದರೆ ಸ್ಕೋಪ್ ಸರಿ ಇದೆ. ಬಾರದಿದ್ದರೆ ಸ್ಕೋಪ್ ಬದಲಾಯಿಸಿ. ಸ್ಪ್ರಿಂಗ್ ರೈಫಲ್‌ನ ಎರಡು ಕಡೆಯ ಒದೆತವನ್ನು ಎಲ್ಲ ಸ್ಕೋಪೂ ತಡೆಯುವುದಿಲ್ಲ. ದೊಡ್ಡ ಬಂದೂಕಿಗೆ ಮಾಡಿದ ಬೆಲೆಬಾಳುವ ಸ್ಕೋಪ್ ಕೂಡ ಇದರಲ್ಲಿ ಹಾಳಾಗಬಹುದು. ಕೊಳ್ಳುವಾಗ ಸ್ಪ್ರಿಂಗ್ ಏರ್ ರೈಫಲ್‌ಗೆ ಆಗುತ್ತದೆಯೇ ಅಂತ ಕೇಳಲೇಬೇಕು.

ಕ್ಲಿಕ್ ತಿರುಗಿಸುವ ಗುಂಡಿ ಒಂದು ಕಡೆಯ ಕೊನೆಗೆ ಬಂದುಬಿಟ್ಟಿದ್ದರೆ ಬೇರೆ ತೊಂದರೆ. ಆ ಕೊನೆಯಲ್ಲಿ ಒಳಗಿನ ಸ್ಪ್ರಿಂಗಿಗೆ ಹಿಡಿತ ಇರುವುದಿಲ್ಲ, ಸ್ಕೋಪಿನೊಳಗೆ ಕಾಣುವ ಗುರಿಗೆರೆ ತನ್ನಷ್ಟಕ್ಕೆ ಅಲುಗುತ್ತದೆ. ನಳಿಗೆ ಮಡಚುವ ರೈಫಲ್‌ಗಳಲ್ಲಿ ನಳಿಗೆ ಸ್ವಲ್ಪ ಕೆಳಮುಖವಾಗಿ ಇರುವುದುಂಟು. ಅದನ್ನು ಸರಿದೂಗಿಸುವ ಮೌಂಟ್‌ಗಳು ಸಿಗುತ್ತವೆ. ಗುಂಡಿಯನ್ನು ನಡುವಿಗೆ ತಂದು ಆ ಮೌಂಟಿನಿಂದ ಎತ್ತರ ಸರಿಮಾಡಿ.

ಮೂರನೆಯದು ಪ್ಯಾರಲಾಕ್ಸ್. ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಡ್ರೈವರ್ ಮುಂದಿನ ಸ್ಪೀಡೋಮೀಟರ್ ನೋಡಿದರೆ ಮುಳ್ಳು ಬೇರೆ ಅಂಕಿಯ ಮೇಲೆ ಕಾಣುತ್ತದೆ. ಸ್ಕೋಪಿನಲ್ಲೂ ಕಣ್ಣು ನಡುವಿನಿಂದ ಆಚೆ ಸರಿದರೆ ಗುರಿಗೆರೆ ಬೇರೆ ಕಡೆ ಕೂತ ಹಾಗೆ ಕಾಣುತ್ತದೆ. ದೊಡ್ಡ ಬಂದೂಕಿನ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಅದನ್ನು 25 ಗಜದಲ್ಲಿ ಬಳಸಿದರೆ ಚಿತ್ರ ಮಸುಕಾಗುವುದಲ್ಲದೆ ಈ ತಪ್ಪೂ ಸೇರಿಕೊಳ್ಳುತ್ತದೆ. ಪರೀಕ್ಷೆ ಸುಲಭ. ರೈಫಲ್ ಅನ್ನು ಚೀಲಗಳ ನಡುವೆ ಅಲುಗದಂತೆ ಇಟ್ಟು, ಮುಟ್ಟದೆ, ಸ್ಕೋಪಿನ ಹಿಂದೆ ತಲೆಯನ್ನು ಮೆಲ್ಲಗೆ ಆಚೀಚೆ ಮಾಡಿ. ಗುರಿಗೆರೆ ಕಾಗದದ ಮೇಲೆ ಓಡಾಡಿದರೆ ಪ್ಯಾರಲಾಕ್ಸ್ ಇದೆ. ಮೊಲದ ಶಿಕಾರಿಗೆ 10 ಗಜದಿಂದಲೇ ಹೊಂದಿಸಲು ಬರುವ ಸ್ಕೋಪ್ ತಗೊಳ್ಳಿ. ಜಾಸ್ತಿ ದೊಡ್ಡದಾಗಿ ತೋರಿಸುವ ಸ್ಕೋಪ್ ಬೇಕಿಲ್ಲ. ಮುಸ್ಸಂಜೆಯಲ್ಲಿ ಸ್ಪಷ್ಟವಾಗಿ ಕಾಣುವುದು ಮುಖ್ಯ, ಯಾಕೆಂದರೆ ಮೊಲಗಳು ಹೊರಬಂದು ಮೇಯುವುದು ಆಗಲೇ.

ಪೆಲೆಟ್

ಒಂದೇ ಕಂಪನಿಯ ಒಂದೇ ಮಾದರಿಯ ಎರಡು ರೈಫಲ್‌ಗಳಿಗೆ ಬೇರೆ ಬೇರೆ ಪೆಲೆಟ್ ಒಗ್ಗಬಹುದು. ಯಾರೋ ಹೇಳಿದ ಪೆಲೆಟ್ ಡಬ್ಬಿಗಟ್ಟಲೆ ತರಬೇಡಿ. ಮೂರು ನಾಲ್ಕು ಬಗೆ ತಂದು ಒಂದೊಂದರಲ್ಲೂ ಕೆಲವು ಗುಂಪು ಹೊಡೆಯಿರಿ. ಬಗೆ ಬದಲಾಯಿಸಿದ ಮೇಲೆ ಮೊದಲ ಕೆಲವು ಈಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಳಿಗೆಯೊಳಗೆ ಹಿಂದಿನ ಪೆಲೆಟ್ಟಿನ ಸೀಸ ಇರುತ್ತದೆ.

ಪೆಲೆಟ್ಟಿನ ಹಿಂಭಾಗದ ತೆಳು ಲಂಗವನ್ನು ಬೆಳಕಿಗೆ ಹಿಡಿದು ನೋಡಿ. ಚಪ್ಪಟೆಯಾಗಿದ್ದರೆ, ನೆಗ್ಗಿದ್ದರೆ ಬಿಸಾಡಿ. ನಾಲ್ಕು ಒಟ್ಟಿಗೆ ಒಂದು ದೂರ ಬೀಳುವುದಕ್ಕೆ ಜಾಸ್ತಿ ಸಲ ಇದೇ ಕಾರಣ. ಬಿಡಿ ಪೆಲೆಟ್ಟುಗಳನ್ನು ಜೇಬಿನಲ್ಲಿ ಕೀಲಿಕೈ ಜೊತೆ ಹಾಕಿಕೊಂಡು ಹೋಗುವುದು ಬೇಡ. ತಲೆಯ ಅಳತೆಯಲ್ಲೂ ಸಣ್ಣ ವ್ಯತ್ಯಾಸ ಇರುತ್ತದೆ. ಡಬ್ಬಿಯ ಮೇಲೆ 4.51, 4.52 (ಮಿ.ಮೀ.) ಅಂತ ಬರೆದಿರುವುದು ಅದನ್ನೇ. ನಳಿಗೆಗೆ ತೀರ ಸಡಿಲವಾಗಿ ಬೀಳುವ ಪೆಲೆಟ್ ಗುಂಪು ಕಟ್ಟುವುದಿಲ್ಲ.

ಆಕಾರದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಗುಂಡು ತಲೆಯದೇ ಸಾಕು. ಚೂಪು ತಲೆ, ತೂತು ತಲೆ ಅಂತ ಶಿಕಾರಿಯ ಹೆಸರಿನಲ್ಲಿ ಮಾರುವ ಪೆಲೆಟ್ಟುಗಳು ಈ ಕಡಿಮೆ ವೇಗದಲ್ಲಿ ಹೆಚ್ಚೇನೂ ಕೊಡುವುದಿಲ್ಲ. ಬಹಳ ಸಲ ಗುರಿಯನ್ನೂ ಕೆಡಿಸುತ್ತವೆ. ಸರಿಯಾದ ಜಾಗಕ್ಕೆ ಬಿದ್ದ ಗುಂಡು ತಲೆಯ ಪೆಲೆಟ್ ಮೊಲವನ್ನು ಕ್ಷಣದಲ್ಲಿ ಬೀಳಿಸುತ್ತದೆ.

ನಳಿಗೆ ಮತ್ತು ಸೈಲೆನ್ಸರ್

ಇಷ್ಟೂ ನೋಡಿಯೂ ಗುಂಪು ಚೆಲ್ಲಾಪಿಲ್ಲಿ ಆಗಿದ್ದರೆ ಸೈಲೆನ್ಸರ್ ಬಿಚ್ಚಿ ಒಂದು ಗುಂಪು ಹೊಡೆಯಿರಿ. ಅಷ್ಟಕ್ಕೇ ಸರಿಹೋದರೆ ಪೆಲೆಟ್ ಅದರ ಒಳಗೋಡೆಗೆ ಉಜ್ಜಿಕೊಂಡು ಹೋಗುತ್ತಿತ್ತು. ಸೈಲೆನ್ಸರಿನ ಮುಂದಿನ ತೂತಿನ ಅಂಚಿನಲ್ಲಿ ಬೂದು ಬಣ್ಣದ ಸೀಸದ ಗೀರು ಕಾಣುತ್ತದೆ. ತ್ರೆಡ್ ಸೊಟ್ಟ ಇರಬಹುದು, ಅಥವಾ 5.5 ಮಿ.ಮೀ. ನಳಿಗೆಗೆ ಸಣ್ಣ ತೂತಿನ ಸೈಲೆನ್ಸರ್ ಹಾಕಿರಬಹುದು.

ನಳಿಗೆಯ ಬಾಯಿಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಎಲ್ಲಾದರೂ ತಗ್ಗಿದ್ದರೆ ಪೆಲೆಟ್ ಹೊರಬರುವಾಗ ಗಾಳಿ ಒಂದು ಕಡೆಯಿಂದ ಮೊದಲು ನುಗ್ಗಿ ಪೆಲೆಟ್ಟನ್ನು ವಾಲಿಸುತ್ತದೆ. ಇದನ್ನು ಬಂದೂಕು ರಿಪೇರಿಯವರೇ ಸರಿ ಮಾಡಬೇಕು. ಒಳಗೆ ಸೀಸ ಕಟ್ಟಿಕೊಂಡಿದ್ದರೆ ಬಟ್ಟೆ ತುಂಡನ್ನು ದಾರದಿಂದ ಎಳೆದು ಶುಚಿ ಮಾಡಿ. ಲೋಹದ ಬ್ರಷ್ ಬೇಡ. ಗುಂಪು ಚೆನ್ನಾಗಿರುವಾಗ ಸುಮ್ನೆ ಶುಚಿ ಮಾಡುವುದೂ ಬೇಡ. ಶುಚಿ ಮಾಡಿದ ನಳಿಗೆ ಮತ್ತೆ ಹದಕ್ಕೆ ಬರಲು ಹತ್ತಾರು ಈಡು ಬೇಕಾಗುತ್ತದೆ.

ಶಕ್ತಿ ಅಳೆಯುವುದು

ಇದಕ್ಕೆ ಕ್ರೋನೋಗ್ರಾಫ್ ಬೇಕು. ಪೆಲೆಟ್ ಎಷ್ಟು ವೇಗದಲ್ಲಿ ಹೊರಬಂತು ಅಂತ ತೋರಿಸುವ ಸಣ್ಣ ಯಂತ್ರ. ಒಬ್ಬರೇ ಕೊಳ್ಳಬೇಕಿಲ್ಲ, ಕ್ಲಬ್ಬಿನಲ್ಲಿ ಅಥವಾ ಅಂಗಡಿಯಲ್ಲಿ ಇರುತ್ತದೆ. ಹತ್ತು ಈಡು ಹೊಡೆದು ಹತ್ತರ ವೇಗವನ್ನೂ ಬರೆದುಕೊಳ್ಳಿ.

ಲೆಕ್ಕ ಹೀಗೆ: ಪೆಲೆಟ್ಟಿನ ತೂಕ ಗ್ರೇನ್‌ನಲ್ಲಿ, (ಪೆಲೆಟ್ ತೂಗುವ ಸಣ್ಣ ಅಳತೆ), ಅದನ್ನು ಸೆಕೆಂಡಿಗೆ ಎಷ್ಟು ಅಡಿ ಅನ್ನುವ ವೇಗದಿಂದ ಎರಡು ಸಲ ಗುಣಿಸಿ, 4,50,240ರಿಂದ ಭಾಗಿಸಿ. 8.44 ಗ್ರೇನ್ ಪೆಲೆಟ್ ಸೆಕೆಂಡಿಗೆ 780 ಅಡಿ ವೇಗದಲ್ಲಿ ಹೋದರೆ ಸುಮಾರು 11.4 ಅಡಿ-ಪೌಂಡ್. ಒಳ್ಳೆಯ ಜಾಗ. 12ಕ್ಕೆ ಅಂಟಿಕೊಂಡು ನಿಲ್ಲಬೇಡಿ. ನಿಮ್ಮ ಬಳಿ ಇರುವ ಎಲ್ಲ ಬಗೆಯ ಪೆಲೆಟ್ಟುಗಳಲ್ಲೂ ಅಳೆಯಿರಿ. ಪಿಸಿಪಿಯಲ್ಲಿ ಸಾಮಾನ್ಯವಾಗಿ ಭಾರದ ಪೆಲೆಟ್ ಜಾಸ್ತಿ ಶಕ್ತಿ ತೋರಿಸುತ್ತದೆ. ಸ್ಪ್ರಿಂಗ್‌ನಲ್ಲಿ ಬಹಳ ಸಲ ಹಗುರದ್ದು.

ಹತ್ತು ಈಡಿನಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ನಡುವೆ ಸೆಕೆಂಡಿಗೆ 20 ಅಡಿ ಅಂತರ ಇದ್ದರೆ 30 ಗಜದಲ್ಲಿ ಅಷ್ಟೇನೂ ಗೊತ್ತಾಗುವುದಿಲ್ಲ. 60 ಅಡಿ ಇದ್ದರೆ ಸುಮಾರು ಅರ್ಧ ಇಂಚು ಮೇಲೆ ಕೆಳಗೆ ಆಗುತ್ತದೆ. ಎರಡು ಪೆನ್ಸ್ ನಾಣ್ಯದ ಅರ್ಧ ಅಲ್ಲೇ ಹೋಯಿತು.

ಸ್ಪ್ರಿಂಗ್ ರೈಫಲ್‌ನಲ್ಲಿ ವೇಗ ಕುಸಿದಿದ್ದರೆ ನಳಿಗೆ ಮುಚ್ಚುವ ಕಡೆಯ ಸೀಲ್ ನೋಡಿ. ಆ ಸಂದಿನ ಮೇಲೆ ಟಿಶ್ಯೂ ಕಾಗದದ ತೆಳು ಚೂರು ಇಟ್ಟು ಸುರಕ್ಷಿತ ದಿಕ್ಕಿಗೆ ಹೊಡೆಯಿರಿ. ಚೂರು ಹಾರಿದರೆ ಗಾಳಿ ಸೋರುತ್ತಿದೆ. ಸೀಲ್ ಅಗ್ಗ, ಬದಲಾಯಿಸುವುದು ಸುಲಭ. ಸೀಲ್ ಸರಿಯಿದ್ದೂ ವೇಗ ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಅಥವಾ ಪಿಸ್ಟನ್ ಸೀಲ್ ಸವೆದಿದೆ. ಅದನ್ನು ಮನೆಯಲ್ಲಿ ಬಿಚ್ಚಬೇಡಿ. ಒತ್ತಿ ಕೂರಿಸಿದ ಆ ಸ್ಪ್ರಿಂಗ್ ಹಿಡಿತ ತಪ್ಪಿದರೆ ಮುಖಕ್ಕೇ ಬರುತ್ತದೆ.

ಟ್ರಿಗರ್ ಎಳೆದಾಗ ಜೋರಾಗಿ ಸಿಡಿದ ಸದ್ದು, ಹೊಗೆ, ಸುಟ್ಟ ಎಣ್ಣೆಯ ವಾಸನೆ ಬಂದರೆ ಒಳಗೆ ಎಣ್ಣೆ ಹೊತ್ತಿಕೊಳ್ಳುತ್ತಿದೆ. ಹೊಸ ರೈಫಲ್‌ನಲ್ಲಿ ಮೊದಲ ಕೆಲವು ಈಡಿಗೆ ಸ್ವಲ್ಪ ಹೊಗೆ ಸಹಜ. ಅದು ನಿಲ್ಲದಿದ್ದರೆ ಗುರಿ ಕೆಡುತ್ತದೆ, ಸೀಲ್ ಹಾಳಾಗುತ್ತದೆ, ಶಕ್ತಿ 12 ಅಡಿ-ಪೌಂಡ್ ದಾಟಲೂಬಹುದು. ಪಿಸ್ಟನ್ ಇರುವ ಕಡೆಗೆ ಎಣ್ಣೆ ಹನಿಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಪೆಲೆಟ್ ಇಲ್ಲದೆ ಸ್ಪ್ರಿಂಗ್ ರೈಫಲ್ ಹೊಡೆಯುವುದೂ ಸಲ್ಲದು. ಪಿಸ್ಟನ್ ನೇರ ಗೋಡೆಗೆ ಗುದ್ದುತ್ತದೆ.

ಪಿಸಿಪಿಯಲ್ಲಿ ಪೆಲೆಟ್ಟುಗಳು ಮೇಲಿನಿಂದ ಕೆಳಕ್ಕೆ ಸಾಲಾಗಿ ಬಿದ್ದರೆ ಎರಡು ಸಾಧ್ಯತೆ. ರೆಗ್ಯುಲೇಟರ್ (ಪ್ರತಿ ಈಡಿಗೂ ಒಂದೇ ಒತ್ತಡದ ಗಾಳಿ ಬಿಡುವ ಭಾಗ) ಇಲ್ಲದ ರೈಫಲ್‌ನಲ್ಲಿ ಗಾಳಿ ಪೂರ್ತಿ ತುಂಬಿದಾಗ ವೇಗ ಸ್ವಲ್ಪ ಕಡಿಮೆ ಇದ್ದು, ನಡುವೆ ಏರಿ, ಕೊನೆಗೆ ಇಳಿಯುವುದು ಸಾಮಾನ್ಯ. ಕ್ರೋನೋಗ್ರಾಫ್ ಎದುರು ಒಂದು ಸಲ ಪೂರ್ತಿ ತುಂಬಿ ಖಾಲಿಯಾಗುವವರೆಗೆ ಹೊಡೆದು ನೋಡಿ. ವೇಗ ಸಮನಾಗಿರುವ ಭಾಗ ಯಾವ ಒತ್ತಡದಿಂದ ಯಾವ ಒತ್ತಡದವರೆಗೆ ಅಂತ ಗೊತ್ತಾಗುತ್ತದೆ. ಅಷ್ಟರಲ್ಲೇ ಬಳಸಿ. ವೈರೌಖ್ ಎಚ್‌ಡಬ್ಲ್ಯು100 ತರದ ರೆಗ್ಯುಲೇಟರ್ ಇರುವ ರೈಫಲ್‌ನಲ್ಲಿ, ಸ್ವಲ್ಪ ಹೊತ್ತು ಇಟ್ಟು ಹೊಡೆದ ಮೊದಲ ಈಡು ಮಾತ್ರ ಬೇರೆ ವೇಗದಲ್ಲಿ ಹೋದರೆ ರೆಗ್ಯುಲೇಟರ್ ಒತ್ತಡ ಹಿಡಿಯುತ್ತಿಲ್ಲ. ಶಿಕಾರಿಯಲ್ಲಿ ಇದು ದೊಡ್ಡ ದೋಷ, ಯಾಕೆಂದರೆ ಮೊಲಕ್ಕೆ ಹೊಡೆಯುವುದು ಆ ಮೊದಲ ಈಡನ್ನೇ. ಇದಕ್ಕೆ ಅಂಗಡಿಯೇ ಗತಿ. ಒತ್ತಡ ತುಂಬಿದ ರೈಫಲ್‌ನ ಒಂದು ಸ್ಕ್ರೂವನ್ನೂ ಸಡಿಲಿಸಬೇಡಿ. ಅದಕ್ಕೆ ಸಾಮಾನ್ಯ ಎಣ್ಣೆಯನ್ನೂ ತಾಗಿಸಬೇಡಿ. ಜೋರು ಒತ್ತಡದ ಗಾಳಿಯಲ್ಲಿ ಅದು ಸಿಡಿಯಬಹುದು.

ರೈಫಲ್ ಸರಿ, ಆದರೂ ಮೊಲ ತಪ್ಪುತ್ತಿದೆ

ಕಾಗದದ ಮೇಲೆ ಎಲ್ಲ ಸರಿಯಿದ್ದು ಹೊಲದಲ್ಲಿ ತಪ್ಪುತ್ತಿದ್ದರೆ ದೋಷ ದೂರದ ಅಂದಾಜಿನಲ್ಲಿದೆ. 30 ಗಜಕ್ಕೆ ಝೀರೋ ಮಾಡಿದ 5.5 ಮಿ.ಮೀ. ರೈಫಲ್‌ನ 16 ಗ್ರೇನ್ ಪೆಲೆಟ್ 40 ಗಜದಲ್ಲಿ ಸುಮಾರು ಎರಡು ಇಂಚು ಕೆಳಗೆ ಬೀಳುತ್ತದೆ. 4.5 ಮಿ.ಮೀ.ನ 8.44 ಗ್ರೇನ್ ಪೆಲೆಟ್ ಸುಮಾರು ಒಂದು ಇಂಚು. ಅಂದರೆ 40 ಗಜದ ಮೊಲವನ್ನು 30 ಅಂತ ಅಂದುಕೊಂಡರೆ 5.5ರ ಪೆಲೆಟ್ ತಲೆ ಬಿಟ್ಟು ಕುತ್ತಿಗೆ ಕೆಳಗೆ ಹೋಗುತ್ತದೆ. ದೊಡ್ಡ ಪೆಲೆಟ್ ಬಲವಾಗಿ ಹೊಡೆಯುತ್ತದೆ ಅನ್ನುವ ಕಾರಣಕ್ಕೆ ಇಲ್ಲಿನ ಹಳಬರು 5.5 ಆರಿಸುತ್ತಾರೆ. ದೂರ ಅಳೆಯುವುದರಲ್ಲಿ ಪಳಗದವರಿಗೆ 4.5 ಹೆಚ್ಚು ಕ್ಷಮಿಸುತ್ತದೆ ಅಂತ ನನ್ನ ಅನಿಸಿಕೆ. ಯಾವುದೇ ಇರಲಿ, ಲೇಸರ್ ದೂರಮಾಪಕ ಒಂದು ತಗೊಳ್ಳಿ. ಎರಡನೇ ರೈಫಲ್‌ಗೆ ಹಣ ಕೂಡಿಡುವ ಬದಲು ಇದಕ್ಕೆ ಖರ್ಚು ಮಾಡಿ.

ಗಾಳಿಯೂ ಅಷ್ಟೇ. ಗಂಟೆಗೆ 10 ಮೈಲಿಯ ಅಡ್ಡಗಾಳಿ 30 ಗಜದಲ್ಲೇ ಪೆಲೆಟ್ಟನ್ನು ಒಂದೂವರೆ ಇಂಚಿನ ಸುತ್ತಮುತ್ತ ತಳ್ಳುತ್ತದೆ. ಬೇಲಿಯ ಮರೆಯಲ್ಲಿ ನಿಂತವರಿಗೆ ಆಚೆಯ ಬಯಲಿನ ಗಾಳಿ ತಿಳಿಯುವುದಿಲ್ಲ. ಹುಲ್ಲಿನ ತುದಿ ನೋಡಿ. ಅದು ಬಾಗುತ್ತಿದ್ದರೆ ಹತ್ತಿರ ಹೋಗಿ, ಇಲ್ಲವೇ ಬಿಟ್ಟುಬಿಡಿ. ರೈಫಲ್ ಓರೆಯಾಗಿ ಹಿಡಿದರೂ ಪೆಲೆಟ್ ಓರೆಯಾದ ಕಡೆಗೇ ಕೆಳಕ್ಕೆ ಬೀಳುತ್ತದೆ. ಇಳಿಜಾರು ಹೊಲದಲ್ಲಿ ಇದು ಗೊತ್ತಾಗದೆ ಆಗಿಬಿಡುತ್ತದೆ. ಬಿಲದ ಬಾಯಲ್ಲೇ ಕೂತ ಮೊಲಕ್ಕೆ ಹೊಡೆಯಬೇಡಿ. ಸರಿಯಾಗಿ ಬಿದ್ದರೂ ಕೊನೆಯ ಒದೆತದಲ್ಲಿ ಒಳಗೆ ಉರುಳುತ್ತದೆ.

ಚಳಿಗಾಲದಲ್ಲಿ ಬೆಚ್ಚಗಿನ ಮನೆಯಿಂದ ಹೊರಗೆ ತಂದ ರೈಫಲ್ ತಣ್ಣಗಾಗುವವರೆಗೆ ಝೀರೋ ನೋಡಬೇಡಿ. ಸ್ಪ್ರಿಂಗಿನ ಗ್ರೀಸ್ ಗಟ್ಟಿಯಾಗಿ ಮೊದಲ ಈಡುಗಳು ಕೆಳಗೆ ಬೀಳಬಹುದು. ಪಿಸಿಪಿಯ ಒತ್ತಡವೂ ಚಳಿಗೆ ಸ್ವಲ್ಪ ಇಳಿಯುತ್ತದೆ.

ಅಂಗಡಿಗೆ ಒಯ್ಯುವುದಾದರೆ

ಇಷ್ಟೆಲ್ಲ ಮಾಡಿಯೂ ಸಿಗದಿದ್ದರೆ ನೋಂದಾಯಿತ ಬಂದೂಕು ಅಂಗಡಿಗೆ ಒಯ್ಯಿರಿ. ರೈಫಲ್ ಚೀಲದೊಳಗೆ, ಖಾಲಿ ಮಾಡಿ. ಜೊತೆಗೆ ಗುಂಪು ಬಿದ್ದ ಕಾಗದಗಳು, ಹತ್ತು ಈಡಿನ ವೇಗದ ಪಟ್ಟಿ, ಬಳಸಿದ ಪೆಲೆಟ್ ಡಬ್ಬಿ ಇರಲಿ. ರಿಪೇರಿ ಮಾಡುವವರು ಮತ್ತೆ ಮೊದಲಿನಿಂದ ಹುಡುಕುವುದು ತಪ್ಪುತ್ತದೆ, ನಿಮ್ಮ ಹಣವೂ ಉಳಿಯುತ್ತದೆ. ಹೊಸ ಸ್ಪ್ರಿಂಗ್ ಅಥವಾ ಸೀಲ್ ಹಾಕಿಸಿದ್ದರೆ ವಾಪಸ್ ತರುವ ಮುಂಚೆ ಅಲ್ಲೇ ಕ್ರೋನೋಗ್ರಾಫ್ ಮೇಲೆ ಹೊಡೆಸಿ, ಅಂಕಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಹೊಸ ಸ್ಪ್ರಿಂಗಿನಿಂದ ಶಕ್ತಿ 12 ದಾಟಿದ್ದರೆ ಅದನ್ನು ಮನೆಗೆ ತರುವ ಹಾಗಿಲ್ಲ, ಅಲ್ಲೇ ಬಿಟ್ಟು ಕಡಿಮೆ ಮಾಡಿಸಬೇಕು.